ಬರುವವರಿಗಿಂತ ಮೊದಲು ಇರುವವರು

ಬೆಳಗಾವಿಯಲ್ಲಿ ಕಿರ್ಲೋಸ್ಕರ್ ಹೆಸರಿನ ರಸ್ತೆಯಿದೆ. ಅದೇ ಹೆಸರಿನ ಊರು, ರೈಲು ನಿಲ್ದಾಣ ಮತ್ತು ಕಾರ್ಖಾನೆ ಮಾತ್ರ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿವೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುಂಬೈನ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದವರು, ಬಡ್ತಿ ಕೈತಪ್ಪಿದಾಗ ಅದನ್ನು ಬಿಟ್ಟು ಬೆಳಗಾವಿಗೆ ಬಂದು ಅಣ್ಣನ ಜೊತೆ ಸೈಕಲ್ ಅಂಗಡಿಗೆ ಕೈಹಚ್ಚಿದರು. ಕಿರ್ಲೋಸ್ಕರ್ ಸಮೂಹ ಇಂದಿಗೂ ತನ್ನ ವಯಸ್ಸನ್ನು 1888ರ ಆ ಅಂಗಡಿಯಿಂದಲೇ ಎಣಿಸುತ್ತದೆ. ಸೈಕಲ್ಲಿನಿಂದ ಮೇವು ಕತ್ತರಿಸುವ ಯಂತ್ರ, ಅಲ್ಲಿಂದ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆ ಎಂದು ರೈತರು ಹೆದರುತ್ತಿದ್ದ ಕಾಲದಲ್ಲಿ ಅವರು ಆ ನೇಗಿಲು ಮಾರಲು ಹೊರಟಿದ್ದರು. ವ್ಯಾಪಾರ ಬೇರು ಬಿಡುವ ಹೊತ್ತಿಗೆ ಪುರಸಭೆಗೆ ಹೊಸ ಬಡಾವಣೆ ಮಾಡಬೇಕಿತ್ತು; ಕಾರ್ಖಾನೆ ಇದ್ದ ಜಾಗವನ್ನು ತೆರವು ಮಾಡಲು ಹೇಳಿತು. ಔಂಧ್ ಸಂಸ್ಥಾನದ ಅರಸರು ತಮ್ಮ ಸೀಮೆಯ ಒಂದಿಷ್ಟು ಬರಡು ನೆಲವನ್ನೂ ಸಾಲವನ್ನೂ ಕೊಟ್ಟರು. 1910ರಲ್ಲಿ ಕಾರ್ಖಾನೆ ಅಲ್ಲಿಗೆ ಹೋಯಿತು, ಕಿರ್ಲೋಸ್ಕರವಾಡಿ ಹುಟ್ಟಿತು. ಯಾವ ಪೈಪೋಟಿಯೂ ಇಲ್ಲದೆ, ಯಾರ ದುರುದ್ದೇಶವೂ ಇಲ್ಲದೆ, ಕೇವಲ ಒಂದು ಸ್ಥಳೀಯ ಆಡಳಿತದ ಉದಾಸೀನದಿಂದ ಬೆಳಗಾವಿ ದೇಶದ ದೊಡ್ಡ ಎಂಜಿನಿಯರಿಂಗ್ ಮನೆತನವೊಂದನ್ನು ಕಳೆದುಕೊಂಡಿತು.

ಈ ಕಥೆಯನ್ನು ಹಳೆಯ ದುಃಖವೆಂದು ಹೇಳುತ್ತಿಲ್ಲ. ಎರಡನೇ ಹಂತದ ನಗರಗಳಿಗೆ ಉದ್ಯಮ ತರುವ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಇವತ್ತಿಗೂ ಅದೇ ತಪ್ಪಿನ ಮೇಲೆ ನಿಂತಿದೆ. ಹೊರಗಿನಿಂದ ಯಾರನ್ನು ಕರೆಯಬೇಕು, ಅವರಿಗೆ ಎಷ್ಟು ಎಕರೆ ಕೊಡಬೇಕು, ಎಷ್ಟು ವರ್ಷ ತೆರಿಗೆ ಬಿಡಬೇಕು ಎಂಬುದರಲ್ಲೇ ನಮ್ಮ ಶಕ್ತಿಯೆಲ್ಲ ಖರ್ಚಾಗುತ್ತದೆ. ಊರಲ್ಲಿ ಆಗಲೇ ಬೆವರು ಸುರಿಸುತ್ತಿರುವ ನೂರಾರು ಶೆಡ್‌ಗಳ ಸಂಗತಿ ಸಭೆಯ ಕಾರ್ಯಸೂಚಿಗೂ ಬರುವುದಿಲ್ಲ. ಸಣ್ಣ ನಗರವೊಂದು ಹೊರಗಿನ ಉದ್ಯಮವನ್ನು ಸೆಳೆಯುವುದು ತನ್ನಲ್ಲಿ ಈಗಾಗಲೇ ಇರುವ ಉದ್ಯಮದ ಬಲದಿಂದ. ಆದ್ದರಿಂದ ಮೊದಲ ದುಡ್ಡು, ಮೊದಲ ನಿವೇಶನ, ಅಧಿಕಾರಿಗಳ ಮೊದಲ ಗಮನ ಇರುವವರಿಗೆ ಸಲ್ಲಬೇಕು. ನನ್ನ ವಾದ ಇಷ್ಟೇ, ಅದಕ್ಕೆ ಬೆಳಗಾವಿಗಿಂತ ಒಳ್ಳೆಯ ಸಾಕ್ಷಿ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ಮೊದಲು ಕರೆತರುವ ರಾಜಕಾರಣದ ಫಲ ನೋಡೋಣ. 2010, 2012, 2016, 2022, 2025: ರಾಜ್ಯ ಇಷ್ಟು ಸಲ ಬೆಂಗಳೂರಿನಲ್ಲಿ ಜಾಗತಿಕ ಹೂಡಿಕೆದಾರರ ಸಮಾವೇಶ ನಡೆಸಿದೆ. 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯಲ್ಲೂ ಒಂದು ನಡೆಯಿತು. 2025ರ ಸಮಾವೇಶದ ಕೊನೆಗೆ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಘೋಷಣೆ ಬಂತು. ಘೋಷಣೆಗಳೆಲ್ಲ ಸುಳ್ಳಾಗುವುದಿಲ್ಲ. ಆದರೆ 2010ರ ಸಮಾವೇಶದ ಎರಡು ದೊಡ್ಡ ಯೋಜನೆಗಳನ್ನು ನೆನಪಿಸಿಕೊಳ್ಳಬೇಕು. ಬಳ್ಳಾರಿಯ ಕುಡತಿನಿಯಲ್ಲಿ ಉಕ್ಕಿನ ಕಾರ್ಖಾನೆಗೆಂದು ಸಾವಿರಾರು ಎಕರೆ ಸ್ವಾಧೀನವಾಯಿತು, ಉಕ್ಕು ಹರಿಯಲಿಲ್ಲ. ಭೂಮಿ ಕೊಟ್ಟ ರೈತರು 2022ರ ಕೊನೆಯಲ್ಲಿ ಧರಣಿ ಕೂತರು. ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕು ಕಂಪನಿಗೆ ಭೂಮಿ ಕೊಡುವ ಯತ್ನವನ್ನು ರೈತರು, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಬೆಂಬಲದೊಂದಿಗೆ, 2011ರಲ್ಲಿ ನಿಲ್ಲಿಸಿದರು. 2013ರಲ್ಲಿ ಕಂಪನಿಯೇ ಯೋಜನೆಯಿಂದ ಹಿಂದೆ ಸರಿಯಿತು. ಇಂಥ ಯೋಜನೆ ಬಾರದಿದ್ದರೆ ಕಂಪನಿಗೆ ಒಂದು ಕಡತ ಮುಚ್ಚಿದಂತೆ. ಊರಿಗೆ ಹಾಗಲ್ಲ. ಅದರ ನೆಲ, ಅಧಿಕಾರಿಗಳ ಸಮಯ, ಯುವಕರ ನಿರೀಕ್ಷೆ ಎಲ್ಲವೂ ಅಷ್ಟು ವರ್ಷ ಒತ್ತೆಯಿಟ್ಟಂತಾಗುತ್ತದೆ.

ರಿಯಾಯಿತಿ ಕೊಟ್ಟರೆ ಬರುತ್ತಾರೆ ಎಂಬ ನಂಬಿಕೆಯನ್ನೂ ತೂಗಿ ನೋಡಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ಟಿಮೊತಿ ಬಾರ್ಟಿಕ್ ಅಲ್ಲಿ ನಡೆದ ಅನೇಕ ಅಧ್ಯಯನಗಳನ್ನು 2018ರಲ್ಲಿ ಒಟ್ಟಿಗೆ ಇಟ್ಟು ಪರಿಶೀಲಿಸಿದಾಗ, ರಿಯಾಯಿತಿಯಿಂದಲೇ ಕಂಪನಿಯ ನಿರ್ಧಾರ ಬದಲಾದ ಪ್ರಕರಣಗಳು ನೂರಕ್ಕೆ 2ರಿಂದ 25ರಷ್ಟು ಎಂದು ಕಂಡಿತು. ಉಳಿದವರು ಹೇಗಿದ್ದರೂ ಅಲ್ಲಿಗೇ ಬರುವವರು. ಅವರಿಗೆ ಕೊಟ್ಟದ್ದು ಕೊಡದೆ ಇದ್ದರೂ ನಡೆಯುತ್ತಿದ್ದ ದುಡ್ಡು. ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ರಾಜ್ಯದ ಕೈಗಾರಿಕಾ ನೀತಿ ತಾಲ್ಲೂಕುಗಳನ್ನು ವಲಯಗಳಾಗಿ ವಿಂಗಡಿಸಿ ಸಹಾಯಧನ ನಿಗದಿ ಮಾಡುತ್ತದೆ. ಅಂದರೆ ಬೆಳಗಾವಿಗೆ ಸಿಗುವ ರಿಯಾಯಿತಿ ಅದೇ ವಲಯದ ಇನ್ನೂ ಹತ್ತಾರು ತಾಲ್ಲೂಕುಗಳಿಗೂ ಸಿಗುತ್ತದೆ. ಗಡಿಯಾಚೆ ಮಹಾರಾಷ್ಟ್ರವೂ ತನ್ನದೇ ರಿಯಾಯಿತಿ ಇಟ್ಟುಕೊಂಡು ಕೂತಿದೆ. ಎಲ್ಲರ ಅಂಗಡಿಯಲ್ಲೂ ಒಂದೇ ಸರಕು ಒಂದೇ ಬೆಲೆಗೆ ಸಿಗುವಾಗ ಗಿರಾಕಿ ಬೇರೆ ಏನನ್ನೋ ನೋಡಿ ಅಂಗಡಿ ಆರಿಸುತ್ತಾನೆ. ಆ ಬೇರೆ ಏನು ಎಂಬುದೇ ನಿಜವಾದ ಪ್ರಶ್ನೆ.

ಬೆಳಗಾವಿ ಸೀಮೆಯ ಚರಿತ್ರೆ ಅದಕ್ಕೆ ಉತ್ತರ ಹೇಳುತ್ತದೆ. 1880ರ ದಶಕದಲ್ಲಿ ಗೋಕಾಕದಲ್ಲಿ ಹತ್ತಿ ಗಿರಣಿ ತಲೆಯೆತ್ತಿದ್ದು ಘಟಪ್ರಭೆಯ ಜಲಪಾತದ ಶಕ್ತಿ ನೋಡಿ. ಮುಂದೆ ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳು ಸಾಲುಗಟ್ಟಿದ್ದಕ್ಕೂ ಅಂಥದೇ ಗಟ್ಟಿ ಕಾರಣಗಳಿದ್ದವು. ಪುಣೆ–ಬೆಂಗಳೂರು ಹೆದ್ದಾರಿ ಊರನ್ನು ಹಾದುಹೋಗುತ್ತದೆ; ಮುಂಬೈಗೂ ಬೆಂಗಳೂರಿಗೂ ಹೆಚ್ಚುಕಡಿಮೆ 500 ಕಿಲೋಮೀಟರ್. ಎಂಜಿನ್ ತಯಾರಿಸುವ ಪುಣೆಯ ದೊಡ್ಡ ಕಂಪನಿಗಳಿಗೆ ಬಿಡಿಭಾಗ ಬೇಕಿತ್ತು, ಪಕ್ಕದ ಕೊಲ್ಹಾಪುರದಲ್ಲಿ ಎರಕದ ವಿದ್ಯೆ ಇತ್ತು, ಕೊಪ್ಪಳದ ಕಡೆಯಿಂದ ಬೀಡು ಕಬ್ಬಿಣ ಬರತೊಡಗಿತು. ಒಬ್ಬ ಎರಕ ಹೊಯ್ದರೆ ಇನ್ನೊಬ್ಬ ಅದನ್ನು ಲೇತಿನಲ್ಲಿ ಹದ ಮಾಡುತ್ತಾನೆ, ಮತ್ತೊಬ್ಬ ಪ್ಯಾಟರ್ನ್ ಕೆತ್ತಿಕೊಡುತ್ತಾನೆ, ಮಗದೊಬ್ಬ ಗ್ರೈಂಡಿಂಗ್ ಮಾಡಿ ಅಳತೆ ಪರೀಕ್ಷಿಸುತ್ತಾನೆ. ಒಂದು ಕ್ರ್ಯಾಂಕ್‌ಶಾಫ್ಟ್ ಊರು ಬಿಡುವ ಮೊದಲು ಹೀಗೆ ಹಲವರ ಕೈ ದಾಟಿರುತ್ತದೆ. ದೊಡ್ಡ ಕಾರ್ಖಾನೆಯಲ್ಲಿ ಹತ್ತು ವರ್ಷ ದುಡಿದ ಟರ್ನರ್ ತಾನೇ ಎರಡು ಯಂತ್ರ ಹಾಕಿಕೊಂಡು ಜಾಬ್ ವರ್ಕ್ ಶುರುಮಾಡುತ್ತಾನೆ. ಹೈಡ್ರಾಲಿಕ್ ಪಂಪು, ವಾಲ್ವುಗಳ ಉದ್ಯಮ ಇಲ್ಲಿ ಬೆಳೆದದ್ದೂ ಹೀಗೆಯೇ. ಸುರೇಶ ಹುಂದ್ರೆಯವರ ಪಾಲಿಹೈಡ್ರಾನ್‌ನಂಥ ಸಂಸ್ಥೆಗಳ ಸುತ್ತ ಮೈಕ್ರಾನ್ ಲೆಕ್ಕದ ನಿಖರತೆ ಒಂದು ಸ್ಥಳೀಯ ಅಭ್ಯಾಸವೇ ಆಯಿತು. ಇಷ್ಟು ಜನ ಇಷ್ಟು ಹತ್ತಿರ ಇರುವುದರಿಂದ ಹುಟ್ಟುವ ಅನುಕೂಲವನ್ನು ಯಾವ ಸರ್ಕಾರವೂ ಆದೇಶ ಹೊರಡಿಸಿ ಸೃಷ್ಟಿಸಲಾರದು, ಯಾವ ರಾಜ್ಯವೂ ಹೆಚ್ಚು ಸಹಾಯಧನ ಕೊಟ್ಟು ಕಸಿದುಕೊಳ್ಳಲಾರದು.

ವಿಮಾನದ ಬಿಡಿಭಾಗಗಳ ಉದ್ಯಮ ಈ ಭಾಗದಲ್ಲಿ ನೆಲೆಯೂರಿದ್ದನ್ನು ಈ ಬೆಳಕಿನಲ್ಲೇ ನೋಡಬೇಕು. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ಸುಮಾರು 250 ಎಕರೆಯ ವಿಶೇಷ ಆರ್ಥಿಕ ವಲಯವಿದೆ. ಅರವಿಂದ ಮೆಳ್ಳಿಗೇರಿಯವರ ಏಕಸ್ ಸಂಸ್ಥೆ ಅಲ್ಲಿಂದ ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಭಾಗಗಳನ್ನು ಕಳಿಸುತ್ತದೆ. ಅದರ ಯಶಸ್ಸಿನ ಗುಟ್ಟು ಜಾಗದ ಬೆಲೆಗಿಂತ ಕೆಲಸದ ಜೋಡಣೆಯಲ್ಲಿದೆ. ವಿಮಾನದ ಒಂದು ಭಾಗವನ್ನು ಒಂದೂರಲ್ಲಿ ಫೋರ್ಜ್ ಮಾಡಿ, ಇನ್ನೊಂದು ದೇಶದಲ್ಲಿ ಕೊರೆದು, ಮೂರನೆಯ ಕಡೆ ಮೇಲ್ಮೈ ಸಂಸ್ಕರಣೆಗೆ ಕಳಿಸಿದರೆ ಸಮಯ, ಸಾಗಣೆ ಎರಡೂ ವ್ಯರ್ಥ. ಹತ್ತರಗಿಯಲ್ಲಿ ಫ್ರಾನ್ಸಿನ ಓಬೇರ್ ಎ ದ್ಯುವಾಲ್ ಜೊತೆ ಫೋರ್ಜಿಂಗ್, ಕೆನಡಾದ ಮೆಗೆಲನ್ ಜೊತೆ ಮೇಲ್ಮೈ ಸಂಸ್ಕರಣೆ ಹೀಗೆ ಒಂದೊಂದೇ ಕೊಂಡಿಯನ್ನು ಒಂದೇ ಅಂಗಳಕ್ಕೆ ತರಲಾಯಿತು. ವಿದೇಶಿ ಕಂಪನಿಯೊಂದು ಬೆಳಗಾವಿ ಜಿಲ್ಲೆಯ ಹಳ್ಳಿಗೆ ಬಂದದ್ದು ಹೀಗೆ: ಅಲ್ಲಿ ಆಗಲೇ ಕೆಲಸ ನಡೆಯುತ್ತಿತ್ತು, ತನ್ನ ಕೆಲಸಕ್ಕೆ ಗಿರಾಕಿ ಪಕ್ಕದ ಶೆಡ್ಡಿನಲ್ಲೇ ಇದ್ದ. ಹೊರಗಿನವರನ್ನು ಕರೆಯಬಾರದೆಂದು ನಾನು ಹೇಳುತ್ತಿಲ್ಲ. ಊರಿನ ಸರಪಳಿಯಲ್ಲಿ ಯಾವ ಕೊಂಡಿ ಇಲ್ಲವೋ ಅದನ್ನು ಗುರುತಿಸಿ, ಅದನ್ನು ಮಾಡಬಲ್ಲವರನ್ನೇ ಹುಡುಕಿ ಕರೆಯಬೇಕು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಸಣ್ಣ ಘಟಕಗಳು ಹತ್ತು ಜನಕ್ಕೆ, ಇಪ್ಪತ್ತು ಜನಕ್ಕೆ ಕೆಲಸ ಕೊಟ್ಟಾವು. ಸಾವಿರಾರು ಎಂಜಿನಿಯರಿಂಗ್ ಪದವೀಧರರಿಗೆ ಕೆಲಸ ಬೇಕಾದರೆ ದೊಡ್ಡ ಕಂಪನಿಯೇ ಬೇಕಲ್ಲವೇ? ಧಾರವಾಡದಲ್ಲಿ ಟಾಟಾ ಬಸ್ ಕಾರ್ಖಾನೆ ಬಂದಮೇಲೆ ಆ ಭಾಗದ ಚಹರೆಯೇ ಬದಲಾಯಿತಲ್ಲವೇ? ಬದಲಾಯಿತು, ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ದೊಡ್ಡ ಕಾರ್ಖಾನೆ ಊರಿನೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಸುತ್ತಲಿನ ಶೆಡ್‌ಗಳ ಸಾಮರ್ಥ್ಯದ ಮೇಲೆ ನಿಂತಿದೆ. ಬೋಲ್ಟು, ಬ್ರಾಕೆಟ್ಟು, ಎರಕ, ಬಣ್ಣ ಎಲ್ಲವನ್ನೂ ಪುಣೆಯಿಂದ ಲಾರಿಯಲ್ಲಿ ತರಿಸಿ ಇಲ್ಲಿ ಜೋಡಿಸಿ ಕಳಿಸುವ ಕಾರ್ಖಾನೆ ಊರಿಗೆ ಬಿಟ್ಟುಹೋಗುವುದು ಬರೀ ದಿನಗೂಲಿ. ಅದೇ ಭಾಗಗಳನ್ನು ಇಲ್ಲಿಯೇ ಕೊಳ್ಳುವಂತಾದರೆ ಒಂದು ಕೆಲಸದ ಹಿಂದೆ ಇನ್ನೆರಡು ಹುಟ್ಟುತ್ತವೆ. ಹರಿಹರದ ಪಾಠವೂ ಮರೆಯುವಂಥದ್ದಲ್ಲ: 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತುಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು, ಆ ಒಂದು ಕಾರ್ಖಾನೆ ಮುಚ್ಚಿದಾಗ ಊರೇ ಮಂಕಾಯಿತು. ಹತ್ತಿ ಗಿರಣಿಗಳನ್ನು ನಂಬಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಕಥೆಯೂ ಅದಕ್ಕಿಂತ ಬೇರೆಯಲ್ಲ. ಒಂದೇ ಕಂಬದ ಮೇಲೆ ಊರನ್ನು ನಿಲ್ಲಿಸುವುದರ ಬೆಲೆ ಇದು.

ಇರುವವರಿಂದಲೇ ಬೆಳೆದ ದೊಡ್ಡ ನಗರಕ್ಕೆ ಕೊಯಮತ್ತೂರು ಕಣ್ಣೆದುರಿನ ಉದಾಹರಣೆ. 1930ರ ದಶಕದಲ್ಲಿ ಪೈಕಾರಾದಿಂದ ಜಲವಿದ್ಯುತ್ ಬಂತು, ಅದರ ಬೆನ್ನಿಗೆ ನೂಲಿನ ಗಿರಣಿಗಳು ಹೆಚ್ಚಿದವು. ಗಿರಣಿಯ ಯಂತ್ರ ರಿಪೇರಿ ಮಾಡುತ್ತಿದ್ದವರು ಎರಕಕ್ಕೆ, ಬಿಡಿಭಾಗಕ್ಕೆ ಇಳಿದರು. 1937ರಲ್ಲಿ ಜಿ.ಡಿ. ನಾಯ್ಡು ಅಲ್ಲಿಯೇ ವಿದ್ಯುತ್ ಮೋಟರು ತಯಾರಿಸಿದರು. ರೈತರ ಬಾವಿಗಳಿಗೆ ಪಂಪು ಮಾಡುವುದು ಊರಿನ ಕಸುಬಾಯಿತು. ಪಿಎಸ್‌ಜಿ ಧರ್ಮಸಂಸ್ಥೆ ಕಾಲೇಜಿನ ಜೊತೆಗೆ ಕಾರ್ಯಾಗಾರವನ್ನೂ ಫೌಂಡ್ರಿಯನ್ನೂ ನಡೆಸಿತು, ಹುಡುಗರು ಪಾಠದ ಜೊತೆಗೆ ಕಬ್ಬಿಣದ ಶಾಖವನ್ನೂ ಕಂಡರು. 1962ರಲ್ಲಿ ಲಕ್ಷ್ಮಿ ಮೆಷಿನ್ ವರ್ಕ್ಸ್ ಗಿರಣಿಯ ಯಂತ್ರಗಳನ್ನೇ ತಯಾರಿಸಲು ಹೊರಟಿತು. ಬಹುರಾಷ್ಟ್ರೀಯ ಕಂಪನಿಗಳೂ ಐಟಿ ಕಚೇರಿಗಳೂ ಕೊಯಮತ್ತೂರಿಗೆ ಬಂದದ್ದು ಇಷ್ಟೆಲ್ಲ ಆದಮೇಲೆ. ಬೆಳಗಾವಿಯಲ್ಲೂ ಇದಕ್ಕೆ ಬೇಕಾದ ತುಂಡುಗಳೆಲ್ಲ ಇವೆ: 1979ರ ಗೋಗಟೆ ತಾಂತ್ರಿಕ ಕಾಲೇಜು, ಕೆಎಲ್ಇ ಸಂಸ್ಥೆಗಳು, 1998ರಲ್ಲಿ ಇಲ್ಲಿಯೇ ನೆಲೆಗೊಂಡ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಅವುಗಳ ಮತ್ತು ಉದ್ಯಮಬಾಗದ ನಡುವಿನ ದಾರಿ ಮಾತ್ರ ಇನ್ನೂ ಕಾಲುದಾರಿಯಾಗಿಯೇ ಉಳಿದಿದೆ.

ಹಾಗಾದರೆ ಇರುವವರಿಗೆ ಬೇಕಾದುದೇನು? ಮೊದಲನೆಯದು ವಿದ್ಯುತ್. ಇಂಡಕ್ಷನ್ ಕುಲುಮೆಯಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ಬೇಕು. ಎರಕದವನ ಪಾಲಿಗೆ ವಿದ್ಯುತ್ ಒಂದು ಕಚ್ಚಾವಸ್ತು. ಕಬ್ಬಿಣ ಕರಗುತ್ತಿರುವಾಗ ಕರೆಂಟು ಹೋಗಿ ಬೇಗ ಬರದಿದ್ದರೆ ದ್ರವ ಕುಲುಮೆಯೊಳಗೇ ಗಟ್ಟಿಯಾಗುತ್ತದೆ, ಒಳಪದರ ಹಾಳಾಗುತ್ತದೆ, ಒಂದು ಪಾಳಿಯ ದುಡಿಮೆ ಹೋಗುತ್ತದೆ. 2023ರ ಜೂನ್‌ನಲ್ಲಿ ದರ ಏರಿದಾಗ ಹುಬ್ಬಳ್ಳಿ, ಬೆಳಗಾವಿಯ ಉದ್ಯಮಿಗಳು ಬೀದಿಗಿಳಿದದ್ದು ಇದಕ್ಕೇ. ಅದಕ್ಕೆ ಸುಮಾರು ಹತ್ತು ವರ್ಷ ಮೊದಲು ಕೊಲ್ಹಾಪುರದ ಉದ್ಯಮಿಗಳು ತಮ್ಮ ರಾಜ್ಯದ ವಿದ್ಯುತ್ ದರಕ್ಕೆ ಬೇಸತ್ತು ಕರ್ನಾಟಕಕ್ಕೆ ಬರುತ್ತೇವೆಂದು ಹೇಳಿದ್ದರು. ಗಡಿಯ ಎರಡೂ ಬದಿಯವರು ಒಬ್ಬರ ಊರನ್ನು ಇನ್ನೊಬ್ಬರು ನೋಡುತ್ತಿರುವಾಗ, ಮೂರು ವರ್ಷ ದರ ಏರದು, ಪೂರೈಕೆ ನಿಲ್ಲದು ಎಂಬ ಲಿಖಿತ ಭರವಸೆಯೊಂದು ಹೂಡಿಕೆ ಸಮಾವೇಶದ ಎಷ್ಟೋ ಒಪ್ಪಂದಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಎರಡನೆಯದು ರಸ್ತೆ, ಚರಂಡಿ, ಬೀದಿದೀಪದಂಥ ಸಾಧಾರಣ ಸಂಗತಿ. ಕೈಗಾರಿಕಾ ಪ್ರದೇಶವನ್ನು ರೂಪಿಸಿದ್ದು ಒಂದು ಮಂಡಳಿ, ತೆರಿಗೆ ಕಟ್ಟಿಸಿಕೊಳ್ಳುವುದು ಪಾಲಿಕೆಯೋ ಪಂಚಾಯಿತಿಯೋ; ಗುಂಡಿ ಮುಚ್ಚಬೇಕಾದಾಗ ಇಬ್ಬರೂ ಇನ್ನೊಬ್ಬರ ಕಡೆ ಬೊಟ್ಟು ಮಾಡುತ್ತಾರೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಗೆ 2013ರಲ್ಲಿ ಪ್ರತ್ಯೇಕ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಸಿಕ್ಕಿತು, ಅಲ್ಲಿಯ ತೆರಿಗೆಯ ದೊಡ್ಡ ಪಾಲು ಅಲ್ಲಿಯೇ ಖರ್ಚಾಗುತ್ತದೆ. ಐಟಿ ಕಂಪನಿಗಳಿಗೆ ಸಲ್ಲುವ ವ್ಯವಸ್ಥೆ ಫೌಂಡ್ರಿಗಳಿಗೆ ಏಕೆ ಸಲ್ಲಬಾರದು?

ಜಾಗದ ಪ್ರಶ್ನೆ ಇನ್ನೂ ಸೂಕ್ಷ್ಮ. ಬಾಡಿಗೆ ಶೆಡ್ಡಿನಲ್ಲಿ ಎರಡು ಲೇತು ಇಟ್ಟುಕೊಂಡವನಿಗೆ ಬೇಕಾದದ್ದು ಐದು ಗುಂಟೆ; ನಮ್ಮ ಕೈಗಾರಿಕಾ ಪ್ರದೇಶಗಳು ಯೋಚಿಸುವುದು ಎಕರೆಗಳಲ್ಲಿ. ಅದರ ಮೇಲೆ, ನಿವೇಶನ ಪಡೆದು ಕಾರ್ಖಾನೆ ಕಟ್ಟದೆ ಬೆಲೆ ಏರುವುದನ್ನು ಕಾಯುತ್ತ ಕೂತವರು ಬೇರೆ. ಕಟ್ಟದವರಿಂದ ಜಾಗ ವಾಪಸು ಪಡೆಯುವ ಅಧಿಕಾರ ಮಂಡಳಿಗೆ ಇದೆ. ಬಳಸುವ ಧೈರ್ಯ ಬೇಕು. ಇನ್ನಷ್ಟು ರೈತರ ಭೂಮಿಗೆ ಕೈಹಾಕುವ ಮೊದಲು ಅದನ್ನು ಮಾಡುವುದು ನ್ಯಾಯದ ದೃಷ್ಟಿಯಿಂದಲೂ ಸರಿ.

ಎರಡನೆಯ ಆಕ್ಷೇಪ ಇನ್ನಷ್ಟು ಕಟುವಾದದ್ದು, ಅದರಲ್ಲಿ ಸತ್ಯವೂ ಇದೆ. ಇರುವ ಉದ್ಯಮಿಗಳಲ್ಲಿ ಅನೇಕರು ಬೆಳೆಯಲು ಒಲ್ಲರು, ಸಂಬಳ ಕಡಿಮೆ ಕೊಡುತ್ತಾರೆ, ಶೆಡ್ಡಿನಲ್ಲಿ ಬಿಸಿ, ಮರಳಿನ ಧೂಳು. ಸ್ಥಳೀಯ ಹುಡುಗರು ಅತ್ತ ಹೋಗದೆ ದೂರದ ರಾಜ್ಯಗಳ ಕೂಲಿಕಾರರೇ ಅಚ್ಚು ಹಾಕುತ್ತಾರೆ. ಇಂಥವರಿಗೆ ಸಾರ್ವಜನಿಕ ದುಡ್ಡು ಏಕೆ? ಕೊಡುವುದಾದರೆ ಷರತ್ತಿನ ಮೇಲೆ ಕೊಡಬೇಕು ಎಂಬುದೇ ನನ್ನ ಉತ್ತರ. ಧೂಳು ಹೀರುವ ಯಂತ್ರಕ್ಕೆ, ಹೊಸ ಸಿಎನ್‌ಸಿ ಯಂತ್ರಕ್ಕೆ ನೆರವು ಬೇಕೇ? ಹಾಗಿದ್ದರೆ ಭವಿಷ್ಯನಿಧಿ, ಇಎಸ್ಐ, ಶ್ವಾಸಕೋಶದ ವಾರ್ಷಿಕ ತಪಾಸಣೆ ಇರಲೇಬೇಕು. ಹೊರಗಿನಿಂದ ಬರುವ ಕಂಪನಿಗೆ ಇಂಥ ಷರತ್ತು ಹಾಕಿದರೆ ಅದು ಬೇರೆ ಊರಿಗೆ ಹೊರಡುತ್ತದೆ ಎಂಬ ಭಯ ಇರುತ್ತದೆ. ಊರಿನಲ್ಲೇ ಮನೆಮಠ, ಗಿರಾಕಿ, ಬಂಧುಬಳಗ ಇರುವವನೊಂದಿಗೆ ಮಾತಾಡಿ ಒಪ್ಪಿಸಲು ಸಾಧ್ಯ. ಹುಡುಗರು ಬರುವಂತೆ ಮಾಡಲು ಮಾದರಿಯೂ ಕೈಯಲ್ಲೇ ಇದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, 1972ರಲ್ಲಿ ಡೆನ್ಮಾರ್ಕಿನ ಸಹಕಾರದಿಂದ ಬೆಂಗಳೂರಿನಲ್ಲಿ ಶುರುವಾಗಿ ಬೆಳಗಾವಿಯಲ್ಲೂ ನಡೆಯುತ್ತಿದೆ. ಅದರ ಟೂಲ್ ಆ್ಯಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ದುಡಿಮೆ. ಹಾಗೆ ಕಲಿತವರು ಕೆಲಸಕ್ಕಾಗಿ ಅಲೆಯುವುದು ಅಪರೂಪ. ಎಂಜಿನಿಯರಿಂಗ್ ಕಾಲೇಜುಗಳ ಸೀಟು ಹೆಚ್ಚಿಸುವುದಕ್ಕಿಂತ ಇಂಥ ಸೀಟು ಹೆಚ್ಚಿಸುವುದು ಬೆಳಗಾವಿಗೆ ಬೇಕಾದ ಕೆಲಸ.

ಇರುವವರಿಗೆ ನೆರವಾಗುವುದು ತುರ್ತಿನ ಕೆಲಸವೂ ಹೌದು. ವಿದ್ಯುತ್ ಕಾರಿನಲ್ಲಿ ಎಂಜಿನ್ ಬ್ಲಾಕ್ ಇಲ್ಲ, ಸಿಲಿಂಡರ್ ಹೆಡ್ ಇಲ್ಲ, ಕ್ರ್ಯಾಂಕ್‌ಶಾಫ್ಟ್ ಇಲ್ಲ. ಟ್ರ್ಯಾಕ್ಟರ್, ಪಂಪು, ಜನರೇಟರ್ ಇನ್ನೂ ಕೆಲವು ಕಾಲ ಎರಕದವರ ಕೈ ಹಿಡಿದಾವು; ಅಷ್ಟರೊಳಗೆ ಅವರು ಮೋಟರಿನ ಕವಚಕ್ಕೆ, ಅಲ್ಯುಮಿನಿಯಂ ಎರಕಕ್ಕೆ, ವಿಮಾನ ಮತ್ತು ರಕ್ಷಣಾ ಭಾಗಗಳಿಗೆ ಹೊರಳಬೇಕು. ಪರೀಕ್ಷಾ ಪ್ರಯೋಗಾಲಯ, ಗುಣಮಟ್ಟದ ಪ್ರಮಾಣಪತ್ರ, ಹೊರಳುವ ಅವಧಿಗೆ ಸಾಲ: ಒಬ್ಬೊಬ್ಬರೇ ಮಾಡಿಕೊಳ್ಳಲಾಗದ್ದನ್ನು ಒಟ್ಟಾಗಿ ಮಾಡಿಕೊಳ್ಳಬಹುದೆಂದು ಬೆಳಗಾವಿ ಫೌಂಡ್ರಿ ಕ್ಲಸ್ಟರ್ ಈಗಾಗಲೇ ತೋರಿಸಿದೆ. ಸರ್ಕಾರದ ದುಡ್ಡು ಹೋಗಬೇಕಾದ ಜಾಗ ಅಲ್ಲಿದೆ.

ಐಟಿ ತನ್ನಿ ಎನ್ನುವವರಿಗೆ ಹುಬ್ಬಳ್ಳಿಯ ಎರಡು ಚಿತ್ರಗಳು ಸಾಕು. ಇನ್ಫೊಸಿಸ್‌ಗೆ ಜಾಗ ಕೊಟ್ಟು, ಕಟ್ಟಡ ಎದ್ದಮೇಲೂ ಕೆಲಸ ಶುರುವಾಗದೆ 2022ರಲ್ಲಿ ಜನ ಅಭಿಯಾನವನ್ನೇ ನಡೆಸಬೇಕಾಯಿತು. ಅದೇ ಊರಿನಲ್ಲಿ 2005ರಲ್ಲಿ ಸ್ಥಳೀಯರು ಕಟ್ಟಿದ ಸಂಕಲ್ಪ ಸೆಮಿಕಂಡಕ್ಟರ್ ಚಿಪ್ ವಿನ್ಯಾಸದಲ್ಲಿ ಹೆಸರು ಮಾಡಿತು; 2019ರಲ್ಲಿ ಎಚ್‌ಸಿಎಲ್ ಅದನ್ನು ಕೊಂಡುಕೊಂಡಿತು. ದೊಡ್ಡ ಕಂಪನಿ ಬಂದದ್ದು ಇಲ್ಲಿಯ ಪ್ರತಿಭೆ ಕಂಡಮೇಲೆ.

ವಿಮಾನ ನಿಲ್ದಾಣ ಆದರೆ ಉದ್ಯಮ ತಾನಾಗಿ ಬರುತ್ತದೆ ಎಂಬ ಮಾತೂ ಇದೆ. ಸಾಂಬ್ರಾ ನಿಲ್ದಾಣ ಬೆಳಗಾವಿಗೆ ಬೇಕೇಬೇಕು. ಆದರೆ ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕೊಡುವ ಉಡಾನ್ ಯೋಜನೆಯ ಬಗ್ಗೆ ಮಹಾಲೇಖಪಾಲರು 2023ರಲ್ಲಿ ಕೊಟ್ಟ ಲೆಕ್ಕ ಓದಬೇಕು: ಮೊದಲ ಮೂರು ಸುತ್ತಿನಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ, ಶುರುವಾದವುಗಳಲ್ಲಿ 112 ಮಾತ್ರ ಮೂರು ವರ್ಷದ ನೆರವಿನ ಅವಧಿ ಮುಗಿಸಿದವು, ನೆರವು ನಿಂತಮೇಲೂ ಉಳಿದದ್ದು 54. ಪ್ರಯಾಣಿಕರನ್ನು ಕೊಡುವ ಉದ್ಯಮ ಊರಲ್ಲಿ ಇದ್ದರೆ ವಿಮಾನ ಉಳಿಯುತ್ತದೆ. ಸರಕು ಸಾಗಿಸುವ ಊರಿಗೆ ಅದಕ್ಕಿಂತ ಮುಖ್ಯವಾದದ್ದು ಕಿತ್ತೂರು ಮಾರ್ಗವಾಗಿ ಧಾರವಾಡಕ್ಕೆ ನೇರ ರೈಲು. ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ, 2020ರಲ್ಲಿ ಮಂಜೂರಾದ ಸುಮಾರು 73 ಕಿಲೋಮೀಟರಿನ ಆ ಮಾರ್ಗ ಭೂಸ್ವಾಧೀನದಲ್ಲಿ ವರ್ಷಗಟ್ಟಲೆ ತೊಡಕಿಕೊಂಡಿತು.

ಇಷ್ಟಕ್ಕೂ ಹೊಸ ಕಾನೂನು ಬೇಕಾಗಿಲ್ಲ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿ 15 ಕೋಟಿ ರೂಪಾಯಿವರೆಗಿನ ಯೋಜನೆಗಳಿಗೆ ಅನುಮತಿ ಕೊಡುತ್ತದೆ. ಈಗ ಅದರ ಮುಂದೆ ಬರುವುದು ಹೊಸ ಅರ್ಜಿಗಳು. ಅದೇ ಸಭೆ ಮೊದಲ ಅರ್ಧ ಗಂಟೆಯಲ್ಲಿ ಬೇರೆ ಪ್ರಶ್ನೆಗಳನ್ನು ಕೇಳಲಿ: ಕಳೆದ ಮೂರು ತಿಂಗಳಲ್ಲಿ ಜಿಲ್ಲೆಯ ಯಾವ ಘಟಕ ಮುಚ್ಚಿತು, ಯಾವುದು ಗಡಿ ದಾಟಲು ಯೋಚಿಸುತ್ತಿದೆ, ಯಾರು ಇನ್ನೊಂದು ಯಂತ್ರ ಹಾಕಲು ಜಾಗ ಸಿಗದೆ ಕಾಯುತ್ತಿದ್ದಾರೆ, ಉದ್ಯಮಬಾಗದ ಯಾವ ಫೀಡರಿನಲ್ಲಿ ಎಷ್ಟು ಸಲ ಕರೆಂಟು ಹೋಯಿತು. ಉತ್ತರ ಹೇಳಲು ವಿದ್ಯುತ್ ಪೂರೈಸುವ ಹೆಸ್ಕಾಂ, ಪಾಲಿಕೆ, ಕೈಗಾರಿಕಾ ಪ್ರದೇಶಗಳನ್ನು ರೂಪಿಸುವ ಮಂಡಳಿಯಾದ ಕೆಐಎಡಿಬಿ ಅಧಿಕಾರಿಗಳು ಅದೇ ಮೇಜಿನ ಸುತ್ತ ಕೂತಿರಲಿ, ಉತ್ತರಗಳು ಸಭೆಯ ನಡಾವಳಿಯಲ್ಲಿ ದಾಖಲಾಗಿ ಜನರ ಕೈಗೆ ಸಿಗಲಿ.